ಕೆಚ್ಚೋ ಅಕ್ಕನ ಕಾರ್ಡು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಬೂದಿಯ ಬಣ್ಣದಲ್ಲಿರುತ್ತಿದ್ದವು. ಊಟಕ್ಕೆ ಕೂರುವ ಮುಂಚೆ ಸೋಪು ಹಾಕಿ ಎಷ್ಟು ಉಜ್ಜಿದರೂ ಗೆರೆಗಳ ಒಳಗಿನ ಬೂದಿ ಪೂರ್ತಿ ಹೋಗುತ್ತಿರಲಿಲ್ಲ. ಹಾಗಾಗಿ ಮುದ್ದೆಯನ್ನು ಅವರು ಮಿಕ್ಕ ಮೂರು ಬೆರಳಿನಲ್ಲೇ ಮುರಿಯುತ್ತಿದ್ದರು. ಮೊದಲ ಸಲ ನೋಡಿದಾಗ ಅವರ ಕೈಗೆ ಪೆಟ್ಟಾಗಿದೆ ಎಂದುಕೊಂಡಿದ್ದೆ.

ದೊಡ್ಡಬಳ್ಳಾಪುರದ ಒಂದು ಮಗ್ಗದ ಕಾರ್ಖಾನೆಯಲ್ಲಿ ನಾನು ಮೂರು ವರ್ಷ ಆಫೀಸು ನೋಡಿಕೊಂಡಿದ್ದೆ. ಅವರು ಅಲ್ಲಿ ಅಚ್ಚು ಕೆಚ್ಚುತ್ತಿದ್ದರು. ಒಂದು ಹಾಸು, ಎಂದರೆ ಉದ್ದದ ಎಳೆಗಳ ಒಂದು ಸುತ್ತು, ನೇಯ್ದು ಮುಗಿದಾಗ ಮಗ್ಗದಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಬಾಚಣಿಗೆಯಂಥ ಅಚ್ಚಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೂದಿ ಮುಟ್ಟಿದ ಬೆರಳಿನಲ್ಲಿ ಎರಡು ತುದಿಗಳನ್ನು ಹೊಸೆದು ಬಿಡಬೇಕು. ಸಾವಿರಾರು ಎಳೆ, ಕೂದಲಿಗಿಂತ ತೆಳು. ಒಂದು ಎಳೆ ಹಿಂದೆಮುಂದೆಯಾದರೆ ಇಡೀ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅವರಿಗೆ ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ನಾನೇ ಬರೆಯುತ್ತಿದ್ದೆ. ಆದರೆ ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಕೆಚ್ಚೋ ಅಕ್ಕ ಎಂದು.

ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ಎರಡೇ ಸಲ ನೋಡಿದ್ದೇನೆ. ಒಂದು ಅಡಿ ಎತ್ತರದ ಹಲಗೆಯೊಂದು ಅವರದೇ ಆಗಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮಗ್ಗದಿಂದ ಮಗ್ಗಕ್ಕೆ ಹೋಗುತ್ತಿದ್ದರು. ಅವರು ಕೂತ ಮಗ್ಗ ಮಾತ್ರ ಸುಮ್ಮನಿರುತ್ತಿತ್ತು, ಸುತ್ತ ಉಳಿದವು ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಎಲ್ಲರೂ ಕೂಗಿ ಮಾತಾಡುತ್ತಿದ್ದರೆ ಅವರು ಮೆಲ್ಲಗೇ ಮಾತಾಡುತ್ತಿದ್ದರು. ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು. ಕರೆಂಟು ಹೋದಾಗ ಕಾರ್ಖಾನೆಯಲ್ಲಿ ಕೇಳುತ್ತಿದ್ದದ್ದು ಕೂಗಾಟದಲ್ಲಿದ್ದವರ ಅರ್ಧಕ್ಕೆ ನಿಂತ ಬೈಗುಳ, ಮತ್ತು ಏನೂ ಆಗದವರಂತೆ ಮುಂದುವರಿದ ಅಕ್ಕನ ಮಾತು.

ನಾನು ಕೆಲಸಕ್ಕೆ ಸೇರಿದ ವಾರ ಅಕ್ಕ ಕೇಳಿದ್ದರು.

"ಎಷ್ಟ್ ವರ್ಸ ಓದ್ದೆ ತಾಯಿ?"

"ಹದಿನೇಳು."

"ನಾನೂ ಹದಿನೇಳು ವರ್ಸ ಕೆಚ್ಚಿದೀನಿ. ನಿಂಗೆ ಕುರ್ಚಿ ಕೊಟ್ರು, ನಂಗೆ ಹಲಗೆ." ನಗಲಿಲ್ಲ. ಹಲಗೆ ಎತ್ತಿಕೊಳ್ಳುತ್ತಾ, "ಸೊಂಟ ನಿಂಗೂ ನೋಯ್ತದೆ ಬಿಡು," ಎಂದರು.

ನಮ್ಮ ಊರಿನಲ್ಲಿ ಕೆಚ್ಚುವವರು ಸಾಮಾನ್ಯವಾಗಿ ಯಾವ ಕಾರ್ಖಾನೆಗೂ ಸೇರಿದವರಲ್ಲ. ಫೋನು ಬಂದ ಕಡೆ ಹೋಗುತ್ತಾರೆ, ಹಾಸೊಂದಕ್ಕೆ ಇಷ್ಟು ಎಂದು ಕೂಲಿ ಪಡೆದು ಮುಂದಿನ ಬೀದಿಗೆ ಹೊರಡುತ್ತಾರೆ. ಅಕ್ಕನ ಗಂಡ ಇದೇ ಕಾರ್ಖಾನೆಯಲ್ಲಿ ನೇಯುತ್ತಿದ್ದವರು. ಅವರು ಸತ್ತಾಗ ಮಾಲೀಕರ ತಂದೆ ಅಕ್ಕನನ್ನು ಹಾಜರಿ ಪುಸ್ತಕಕ್ಕೆ ಸೇರಿಸಿಕೊಂಡಿದ್ದರು. ಅದರಿಂದ ಅವರ ಕೂಲಿಯಲ್ಲಿ ಕಾರ್ಮಿಕರ ಆರೋಗ್ಯ ವಿಮೆಗೆಂದು ಇಎಸ್‌ಐ ಹಿಡಿಯುತ್ತಿದ್ದೆವು, ಮಾಲೀಕರ ಪಾಲನ್ನೂ ಸೇರಿಸಿ ಕಟ್ಟುತ್ತಿದ್ದೆವು. ಆ ಇಡೀ ಬೀದಿಯಲ್ಲಿ ಇಎಸ್‌ಐ ಕಾರ್ಡು ಇದ್ದ ಕೆಚ್ಚುವವರು ಅವರೊಬ್ಬರೇ.

ಕಾರ್ಡನ್ನು ಅವರು ಒಂದು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡಿದ್ದರು. ಹಳೆಯ ಹಾಸು ಮುಗಿದು ಹೊಸದು ಶುರುವಾಗುವ ಕಡೆ, ಕೆಚ್ಚಿದ ಜಾಗದಲ್ಲಿ, ಗೇಣುದ್ದ ಬಟ್ಟೆ ಯಾವ ಸೀರೆಗೂ ಸೇರದೆ ಉಳಿಯುತ್ತದೆ. ಅದನ್ನು ಕತ್ತರಿಸಿ ಕೆಚ್ಚಿದವರಿಗೆ ಕೊಡುವುದು ಅಲ್ಲಿನ ವಾಡಿಕೆ. ಅಕ್ಕನ ಚೀಲ ಅರ್ಧ ಗಿಳಿಹಸಿರು, ಅರ್ಧ ನೇರಳೆ. ಬಿಪಿ ಮಾತ್ರೆಗೆ ತಿಂಗಳಿಗೊಮ್ಮೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗುವ ದಿನ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದರು.

"ಅಕ್ಕಂದು ಸರ್ಕಾರಿ ನೌಕ್ರಿ ಕಣ್ರಲಾ," ಎಂದು ರಾಮಾಂಜಿ ರೇಗಿಸುತ್ತಿದ್ದ. ರಾಮಾಂಜಿ ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ನೇಯುತ್ತಿದ್ದವನು, ಎಲ್ಲರಿಗಿಂತ ಹೆಚ್ಚು ಬಾಯಿ ಮಾಡುತ್ತಿದ್ದವನು. "ಡಾಕ್ಟ್ರು ಎದ್ ನಿಂತ್ಕೊಂಡು ಮಾತ್ರೆ ಕೊಡ್ತಾರಂತೆ."

"ನಿಂಗೂ ಅದಲ್ಲ ಕಾರ್ಡು. ಹೋಗು, ನಾಲ್ಗೆಗೆ ಏನಾದ್ರೂ ಕೊಡ್ತಾರೆ."

ನಾನು ಓದಿದ್ದು ಅರ್ಥಶಾಸ್ತ್ರ. ಎಂ.ಎ. ಪ್ರಬಂಧವನ್ನು ಸಣ್ಣ ಕೈಗಾರಿಕೆಗಳ ಮೇಲೆ ಬರೆದಿದ್ದೆ. ಕೂಲಿಯ ಜೊತೆಗೆ ಕಟ್ಟಬೇಕಾದ ಇಎಸ್‌ಐ, ಪಿಎಫ್ ವಂತಿಗೆಯನ್ನು ಕಷ್ಟದ ಕಾಲದಲ್ಲಿ ಇಳಿಸಿದರೆ ಕೆಲಸಗಳು ಉಳಿಯುತ್ತವೆ ಎಂಬುದು ಅದರ ಕೊನೆಯ ಅಧ್ಯಾಯದ ತೀರ್ಮಾನ. ಮಾಲೀಕರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ ಅದನ್ನು ಕೇಳಿ ತಿಳಿದುಕೊಂಡಿದ್ದರು. ಸೂರತ್ತಿನ ಸೀರೆ ನಮ್ಮ ನೂಲಿನ ಬೆಲೆಗೇ ಅಂಗಡಿಗೆ ಬಂದು ಬೀಳುತ್ತಿದ್ದ ವರ್ಷಗಳು ಅವು. ಮಗ್ಗದ ಮಾಲೀಕರೆಲ್ಲ ಸೇರಿ ವಂತಿಗೆಯಿಂದ ವಿನಾಯಿತಿ ಕೇಳಿ ಸರ್ಕಾರಕ್ಕೆ ಒಂದು ಮನವಿ ಕೊಟ್ಟರು. ಅದನ್ನು ಬರೆದುಕೊಟ್ಟವಳು ನಾನು. ಚೆನ್ನಾಗಿ ಬರೆದಿದ್ದೆ. ಉತ್ತರ ಬರಲಿಲ್ಲ.

ಆಮೇಲೆ ಆಡಿಟರ್ ಬಂದು ಒಂದು ದಾರಿ ಹೇಳಿದರು. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಇಎಸ್‌ಐ ಕಟ್ಟಬೇಕಿಲ್ಲ. ಕಾರ್ಖಾನೆಯಲ್ಲಿ ಇಪ್ಪತ್ತಾರು ಜನ. ಹಳೆಯ ಹೆಸರನ್ನು ಮುಚ್ಚಿ ಮಾಲೀಕರದೊಂದು, ಅವರ ಹೆಂಡತಿಯದೊಂದು, ಭಾವಮೈದುನನದೊಂದು ಎಂದು ಮೂರು ಹೆಸರು ಮಾಡಿ ಜನರನ್ನು ಹಂಚಿದರೆ ಮುಗಿಯಿತು. ಎಲ್ಲರೂ ಹಳೆಯ ಕೆಲಸಕ್ಕೆ ರಾಜೀನಾಮೆ ಬರೆದುಕೊಡಬೇಕು.

"ಸರ್ಕಾರ ಇಳಿಸ್ಲಿಲ್ಲ, ನಾವೇ ಇಳಿಸ್ಕೊಳ್ಳೋಣ," ಎಂದರು ಮಾಲೀಕರು. "ಇಲ್ಲಾಂದ್ರೆ ಅರ್ಧ ಮಗ್ಗ ಗುಜರಿಗೆ ಹಾಕ್ಬೇಕು ಮೇಡಂ. ನೀವೇ ಬರ್ದಿದೀರಲ್ಲ."

ರಾಜೀನಾಮೆಯ ಇಪ್ಪತ್ತಾರು ಪ್ರತಿಗಳನ್ನು ನಾನು ಟೈಪು ಮಾಡಿದೆ. ಪಿಎಫ್ ದುಡ್ಡು ಒಟ್ಟಿಗೇ ಕೈಗೆ ಬರುತ್ತದೆ ಎಂದು ಕೆಲವರಿಗೆ ಖುಷಿಯಿತ್ತು. ಆದರೂ ಯಾರೂ ಮೊದಲು ಸಹಿ ಹಾಕಲಿಲ್ಲ. ಅಕ್ಕ ಏನು ಮಾಡುತ್ತಾರೆ ಎಂದು ನೋಡುತ್ತಿದ್ದರು. ಅವರು ಒಬ್ಬರೇ ಆಫೀಸಿಗೆ ಬಂದು, ನಾನು ಹೇಳಿದ ಮೇಲೆ ಕುರ್ಚಿಯಲ್ಲಿ ಕೂತರು. ನಾನು ನೋಡಿದ ಎರಡು ಸಲಗಳಲ್ಲಿ ಅದು ಮೊದಲನೆಯದು.

"ಇದಕ್ಕೆ ಸೈನ್ ಹಾಕುದ್ರೆ ಮಗ್ಗ ನಿಲ್ಲಲ್ವಾ?"

"ಮಾಲೀಕರು ಹಾಗೆ ಹೇಳ್ತಿದಾರೆ."

"ಕಾರ್ಡು ಇರ್ತದಾ?"

"ಸದ್ಯಕ್ಕೆ ಇರುತ್ತೆ," ಎಂದೆ.

ಅದು ನಿಜ. ಸೆಪ್ಟೆಂಬರಿನವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜೂನ್‌ವರೆಗೆ ಆಸ್ಪತ್ರೆ, ಔಷಧಿ ಸಿಗುತ್ತದೆ. ನಿಯಮ ಹಾಗಿದೆ. ಜೂನ್ ಆದ ಮೇಲೆ ಏನು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೆಲಸದಲ್ಲಿ ಗಾಯವಾದರೆ ಸಿಗುವ ಪಿಂಚಣಿಗೆ ಈ ಜೂನ್ ತಿಂಗಳ ಲೆಕ್ಕವೂ ಇಲ್ಲ, ಗಾಯವಾದ ದಿನ ವಂತಿಗೆ ಕಟ್ಟುವವರ ಪುಸ್ತಕದಲ್ಲಿ ಹೆಸರಿರಬೇಕು ಎಂಬುದೂ ನನಗೆ ಗೊತ್ತಿತ್ತು. ಅವರು ಬೂದಿ ಹತ್ತದ ಹಾಗೆ ಪೆನ್ನನ್ನು ಮಿಕ್ಕ ಬೆರಳುಗಳಲ್ಲಿ ಹಿಡಿದು ಸಹಿ ಹಾಕಿದರು. ಹೊರಗೆ ಹೋಗಿ ಏನೋ ಹೇಳಿದರು. ಸಂಜೆಯೊಳಗೆ ಇಪ್ಪತ್ತಾರೂ ಸಹಿಯಾದವು.

ಆ ವರ್ಷದ ಆಯುಧಪೂಜೆಯಲ್ಲಿ ಒಂದೇ ಛಾವಣಿಯಡಿ ಮೂರು ಪೂಜೆ ನಡೆದವು. ಮೂರು ಹೊಸ ಬೋರ್ಡು, ಮೂರು ಬೂದುಗುಂಬಳಕಾಯಿ. ಮೂರು ಹೆಸರಿಗೂ ಬೇರೆ ಜಾಗ ಇದೆ ಎಂದು ತೋರಿಸಲು ನೆಲದ ಮೇಲೆ ಗೆರೆಯಾದರೂ ಇರಲಿ ಎಂದಿದ್ದರು ಆಡಿಟರ್. ನಾನು ಟೇಪು ಹಿಡಿದು ಅಳತೆ ಕೊಟ್ಟೆ, ರಾಮಾಂಜಿ ಹಳದಿ ಬಣ್ಣದಲ್ಲಿ ಎರಡು ಗೆರೆ ಎಳೆದ.

"ಈಗ ನಾನು ಭಾವಮೈದುನ್ರ ಕಡೆ," ಎಂದ ಗೆರೆಯ ಈಚೆ ನಿಂತು. "ಅಕ್ಕಾ, ನೀನು ಅಮ್ಮೋರ ಕಡೆ. ನಮ್ ಮಗ್ಗ ಕೆಚ್ಚೋಕೆ ಬರ್ಬೇಕಾದ್ರೆ ವೀಸಾ ಮಾಡುಸ್ಕೊಂಡು ಬಾ."

ಅದು ತಮಾಷೆಯಷ್ಟೇ ಅಲ್ಲ. ನೇಯುವವರು ತಮ್ಮ ತಮ್ಮ ಗೆರೆಯೊಳಗೇ ಇದ್ದರು. ಎಲ್ಲ ಮಗ್ಗಗಳಿಗೂ ಬೇಕಾದವರು ಅಕ್ಕ ಒಬ್ಬರೇ. ಅವರ ಹೆಸರು ಮಾಲೀಕರ ಹೆಂಡತಿಯ ಪಟ್ಟಿಯಲ್ಲಿತ್ತು. ದಿನಕ್ಕೆ ಹತ್ತು ಸಲ ಗೆರೆ ದಾಟುತ್ತಿದ್ದರು. ಹಲಗೆ ಕಂಕುಳಲ್ಲಿ, ಬೂದಿಯ ಡಬ್ಬಿ ಕೈಯಲ್ಲಿ.

ಅಕ್ಟೋಬರಿನಲ್ಲಿ ಡಿಸ್ಪೆನ್ಸರಿಗೆ ಹೋಗಿ ಮಾತ್ರೆ ತಂದರು. ನವೆಂಬರಿನಲ್ಲೂ ತಂದರು. ಬಂದವರು ಮಾತ್ರೆಯ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಕಿಟಕಿಯ ಮೇಲೆ ಇಡುತ್ತಿದ್ದರು. ಅವರದೊಂದು ಹೊಸ ಅಭ್ಯಾಸ ಅದು, ಮುಂಚೆ ಇರಲಿಲ್ಲ. ಕಾರ್ಡೆಂದರೆ ರೇಷನ್ ಕಾರ್ಡಿನ ಹಾಗೆ, ಒಮ್ಮೆ ಬಂದರೆ ಇದ್ದೇ ಇರುತ್ತದೆ ಎಂದು ಎಲ್ಲರೂ ನಂಬಿದರು. ಇನ್ನಿಬ್ಬರು ತಮ್ಮ ಮಕ್ಕಳನ್ನೂ ತೋರಿಸಿಕೊಂಡು ಬಂದರು. ಕಟ್ಟದೆಯೇ ಎಲ್ಲ ಸಿಗುವಾಗ ಇಷ್ಟು ವರ್ಷ ಸುಮ್ಮನೆ ಹಿಡಿದುಕೊಂಡರಲ್ಲ ಎಂದು ಒಬ್ಬ ನನ್ನನ್ನೇ ಕೇಳಿದ. ನಾನು ಕೆಲಸದಲ್ಲಿದ್ದೇನೆ ಎಂಬಂತೆ ಕಂಪ್ಯೂಟರಿನ ಪರದೆ ನೋಡಿದೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಕ್ಕ ಭಾವಮೈದುನನ ಕಡೆಯ ಹದಿನೈದನೆಯ ಮಗ್ಗಕ್ಕೆ ಕೆಚ್ಚುತ್ತಿದ್ದರು. ಪಕ್ಕದ ಮಗ್ಗದ ಲಾಳಿ ಹಾರಿ ಅವರ ಎಡಗಣ್ಣಿಗೆ ಬಡಿಯಿತು. ಲಾಳಿ ಹಾರದಂತೆ ತಡೆಯುವ ಜಾಲರಿ ಮುರಿದು ಕೆಲವು ವಾರಗಳಾಗಿದ್ದವು, ಮುಂದಿನ ತಿಂಗಳು ಹಾಕಿಸೋಣ ಎಂದಾಗಿತ್ತು. ನಾನು ಆಫೀಸಿನ ಗಾಜಿನಿಂದ ನೋಡಿದಾಗ ಅವರು ಹಲಗೆಯ ಮೇಲೇ ಕೂತಿದ್ದರು. ಎಡಗೈ ಕಣ್ಣಿನ ಮೇಲಿತ್ತು. ಬಲಗೈಯಲ್ಲಿ ಹಿಡಿದಿದ್ದ ಎಳೆಗಳ ಕಂತೆಯನ್ನು ಬಿಟ್ಟಿರಲಿಲ್ಲ. ಸೆರಗಿನ ಮೇಲೆ ರಕ್ತ ಇಳಿಯುತ್ತಿತ್ತು.

"ಎಳೆ ಚೆಲ್ಲೋಗ್ತವೆ, ಯಾರಾದ್ರೂ ಹಿಡ್ಕೊಳ್ರೋ," ಎಂದು ಯಾವಾಗಿನ ದನಿಯಲ್ಲೇ ಹೇಳುತ್ತಿದ್ದರು. ರಾಮಾಂಜಿ ಬಂದು ಕಂತೆ ಹಿಡಿದುಕೊಂಡ ಮೇಲೆ ಎದ್ದರು.

ಇಎಸ್‌ಐ ಆಸ್ಪತ್ರೆಯಲ್ಲಿ ಕಾರ್ಡು ನಡೆಯಿತು, ಅದು ಇನ್ನೂ ಮಾರ್ಚ್. ಅಲ್ಲಿ ಚೆನ್ನಾಗಿಯೇ ನೋಡಿಕೊಂಡರು. ಕಣ್ಣು ಉಳಿಯಲಿಲ್ಲ. ಕಳಿಸುವಾಗ ಅಲ್ಲಿನವರು, ಕೆಲಸದ ಜಾಗದಲ್ಲಿ ಆದ ಗಾಯವಲ್ಲವೇ, ಮಾಲೀಕರಿಂದ ಅಪಘಾತದ ವರದಿ ಕಳಿಸಿ, ಇವರಿಗೆ ಜೀವನಪೂರ್ತಿ ತಿಂಗಳು ತಿಂಗಳು ಪಿಂಚಣಿ ಬರುತ್ತದೆ ಎಂದರು. ಜೊತೆಗೆ ಹೋಗಿದ್ದವಳು ನಾನು. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡೆ.

ವರದಿಯನ್ನು ಅದೇ ವಾರ ತುಂಬಿದೆ. ಗಂಟೆ, ನಿಮಿಷ, ಮಗ್ಗದ ಸಂಖ್ಯೆ, ಯಾವ ಕಣ್ಣು. ಉದ್ಯೋಗದಾತರ ಹೆಸರು ಎಂಬಲ್ಲಿ ನಿಂತೆ. ಅಕ್ಕನ ಹೆಸರು ಒಬ್ಬರ ಪಟ್ಟಿಯಲ್ಲಿತ್ತು, ಮಗ್ಗ ಇನ್ನೊಬ್ಬರದು, ವಂತಿಗೆ ಕಟ್ಟಿದ ಕಾರ್ಖಾನೆ ಮುಚ್ಚಿತ್ತು. ಆ ಜಾಗ ಖಾಲಿ ಬಿಟ್ಟು ಮಾಲೀಕರ ಮುಂದೆ ಇಟ್ಟೆ.

ಅವರು ಬಹಳ ಹೊತ್ತು ಓದಿದರು. ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಬೆಂಚಿನ ಮೇಲೆ ಮಲಗಿದ್ದರು, ಅಕ್ಕನ ಕೈಗೆ ಒಂದಿಷ್ಟು ದುಡ್ಡೂ ಕೊಟ್ಟಿದ್ದರು.

"ಇದು ಹೋದ್ರೆ ಮೂರೂ ಒಂದೇ ಅಂತ ಗೊತ್ತಾಗುತ್ತೆ. ಹಿಂದಿಂದೆಲ್ಲ ದಂಡ ಸೇರಿಸಿ ಕಟ್ಟಿಸ್ತಾರೆ. ಆಮೇಲೆ ಮಗ್ಗ ಓಡ್ಸಕ್ಕೆ ಆಗಲ್ಲ. ಒಬ್ರಿಗೆ ಮಾಡಕ್ಕೋಗಿ ಇಪ್ಪತ್ತೈದು ಜನಾನ ಮನೆಗೆ ಕಳಿಸ್ಲಾ? ನೀವು ಓದಿದೋರು, ಹೇಳಿ ಮೇಡಂ."

ಕಾಗದ ನನ್ನ ಡ್ರಾಯರಿಗೆ ವಾಪಸು ಬಂತು.

ಒಂದು ತಿಂಗಳಿಗೆ ಅಕ್ಕ ಕೆಲಸಕ್ಕೆ ಬಂದರು. ಕಣ್ಣಿನ ಮೇಲೆ ಬಿಳಿ ಬಟ್ಟೆ ಇತ್ತು, ಆಮೇಲೆ ಅದನ್ನೂ ತೆಗೆದರು. ನನಗೆ ತಡೆದುಕೊಳ್ಳಲಾಗದೆ ಊಟದ ಹೊತ್ತಿನಲ್ಲಿ ಅವರನ್ನು ಆಫೀಸಿಗೆ ಕರೆದೆ. ಕುರ್ಚಿಯಲ್ಲಿ ಕೂತರು. ಎರಡನೆಯ ಸಲ. ಮಾಲೀಕರು ಕೊಡದಿದ್ದರೂ ನೀವೇ ಇಎಸ್‌ಐ ಆಫೀಸಿಗೆ ಅರ್ಜಿ ಕೊಡಬಹುದು, ಅವರು ಬಂದು ವಿಚಾರಿಸುತ್ತಾರೆ, ಇಲ್ಲಿ ಕೆಲಸ ಮಾಡುವವರು ಇಬ್ಬರು ಸಾಕ್ಷಿ ಹೇಳಿದರೆ ಪಿಂಚಣಿ ಸಿಗಬಹುದು ಎಂದೆ. ಕಾರ್ಡು ಜೂನಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಿದೆ. ಅಂದೇ ನನಗೆ ಗೊತ್ತಿತ್ತು ಎಂದೂ ಹೇಳಿದೆ.

ಅವರು ತೋರುಬೆರಳಿಗೆ ಹೆಬ್ಬೆರಳು ಉಜ್ಜುತ್ತಾ ಕೂತಿದ್ದರು. ಎಳೆ ಇಲ್ಲದಾಗಲೂ ಅವರು ಹಾಗೆ ಮಾಡುತ್ತಿದ್ದರು.

"ನಂಗೂ ಗೊತ್ತಿತ್ತು ತಾಯಿ. ನೀನು ಸದ್ಯಕ್ಕೆ ಅಂದಲ್ಲ, ಅವಾಗ್ಲೇ ತಿಳೀತು."

ನಾನು ಡ್ರಾಯರು ಎಳೆದು ಆ ವರದಿಯನ್ನು ಮೇಜಿನ ಮೇಲೆ ಇಟ್ಟೆ.

"ಆಚೆ ಹೋಗಿ ನಾನು ಹೇಳ್ದಾಗ ಆ ಮಾತು ಬಿಟ್ಬುಟ್ಟೆ. ಕಾರ್ಡು ಇರ್ತದಂತೆ, ಮೇಡಂ ಹೇಳುದ್ರು ಅಂದೆ, ಅಷ್ಟೇ. ನಿಂತೋಗ್ತದೆ ಅಂದಿದ್ರೆ ರಾಮಾಂಜಿ ಹಾಕ್ತಿರ್ಲಿಲ್ಲ. ಅವ್ನು ಹಾಕ್ದಿದ್ರೆ ಯಾರೂ ಹಾಕ್ತಿರ್ಲಿಲ್ಲ. ಮಗ್ಗ ಮಾರಿದ್ರೆ ಎಲ್ಲೋಗೋದು ಅಂದ್ಕೊಂಡೆ. ನನ್ ಮಾತು ಕೇಳಿ ಹಾಕವ್ರೆ. ಈಗ ನಾನೊಬ್ಳು ಹೋಗಿ ಪಿಂಚಣಿ ತಗೊಂಡು, ಅವ್ರು ಮಗ್ಗ ಕಳ್ಕೊಂಡ್ರೆ, ಯಾವ್ ಮುಖ ಇಟ್ಕೊಂಡು ಅವ್ರ ಬೀದೀಲಿ ಓಡಾಡ್ಲಿ? ಆ ಕಾಗ್ದ ಎತ್ತಿಡು."

ಅವರು ಎದ್ದು ಹೋದರು. ಆ ಕ್ಷಣ ನನಗೆ ಆದದ್ದು ಸಮಾಧಾನ. ಬೇರೇನೋ ಆಯಿತು ಎಂದು ಬರೆಯಬಹುದು, ಆದರೆ ಆಗಲಿಲ್ಲ. ನನ್ನ ಸಹಿ ಎಲ್ಲಿಯೂ ಬೇಕಾಗುವುದಿಲ್ಲ ಎಂಬ ಸಮಾಧಾನ.

ಒಂದೇ ಕಣ್ಣಿನಲ್ಲಿ ಅವರು ಕೆಚ್ಚುತ್ತಿದ್ದರು. ಬೆರಳಿನ ವೇಗ ಇಳಿಯಲಿಲ್ಲ. ಆದರೆ ಹತ್ತಿರದ ಎರಡು ಎಳೆಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಒಂದು ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಎಳೆ ಅದಲುಬದಲಾಗತೊಡಗಿತು. ಅವರು ಕೆಚ್ಚಿ ಎದ್ದುಹೋದ ಮೇಲೆ ರಾಮಾಂಜಿ ಕರೆಂಟಿಲ್ಲ, ನೂಲಿಲ್ಲ ಎಂದು ಏನಾದರೂ ನೆಪ ಹೇಳಿ ಮಗ್ಗ ಶುರು ಮಾಡುತ್ತಿರಲಿಲ್ಲ. ಕೆಳಗೆ ಕೂತು ತಪ್ಪಿದ ಎಳೆಗಳನ್ನು ಹುಡುಕಿ ಬಿಡಿಸಿ ತಾನೇ ಹೊಸೆಯುತ್ತಿದ್ದ. ಅವನಿಗೆ ಆ ಕೆಲಸ ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ಎಲ್ಲರಿಗೂ ಕೇಳುವಂತೆ, "ಅಕ್ಕ ಕೆಚ್ಚಿದ್ ಮಗ್ಗ ನೋಡ್ರಲಾ, ಬೆಣ್ಣೆ ಇದ್ದಂಗೆ ಓಡ್ತದೆ," ಎನ್ನುತ್ತಿದ್ದ. ಅಕ್ಕ ಅವನ ಕಡೆ ತಿರುಗುತ್ತಿರಲಿಲ್ಲ. ಅವನಿರುತ್ತಿದ್ದದ್ದು ಅವರ ಎಡಕ್ಕೆ.

ಜುಲೈನಲ್ಲಿ ಡಿಸ್ಪೆನ್ಸರಿಯವರು ಮಾತ್ರೆ ಕೊಡದೆ ಕಳಿಸಿದರು. ಅಕ್ಕ ಅದನ್ನು ಯಾರಿಗೂ ಹೇಳಲಿಲ್ಲ. ಕಿಟಕಿಯ ಮೇಲೆ ಪೊಟ್ಟಣ ಇಡುವುದು ನಿಂತಿತು. ಉಳಿದವರಿಗೆ ಒಬ್ಬೊಬ್ಬರಿಗೇ ಗೊತ್ತಾಯಿತು. ಕೆಲವರು ನನ್ನ ಬಳಿ ಬಂದು ಜಗಳವಾಡಿದರು. ಅಕ್ಕನ ಬಳಿ ಯಾರೂ ಕೇಳಲಿಲ್ಲ, ಆ ಕಣ್ಣು ನೋಡಿಕೊಂಡು ಕೇಳಲು ಆಗುತ್ತಿರಲಿಲ್ಲ. ಮರುವರ್ಷದ ಯುಗಾದಿಗೆ ಮುಂಚೆ ಮಾಲೀಕರು ಅರ್ಧ ಮಗ್ಗಗಳನ್ನು ಗುಜರಿಗೆ ಹಾಕಿದರು. ವಂತಿಗೆಯಲ್ಲಿ ಉಳಿಸಿದ್ದು ನೂಲಿನ ಬೆಲೆಯಲ್ಲಿ ಕರಗಿತ್ತು. ಭಾವಮೈದುನನ ಕಡೆ ಖಾಲಿಯಾಗಿ ಹಳದಿ ಗೆರೆ ಮಾತ್ರ ಉಳಿಯಿತು. ನನಗೆ ದೇವನಹಳ್ಳಿಯ ಕಡೆ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಹೊರಡುವ ದಿನ ಡ್ರಾಯರಿನಿಂದ ಆ ವರದಿಯನ್ನು ತೆಗೆದು ನನ್ನ ಫೈಲಿಗೆ ಹಾಕಿಕೊಂಡೆ. ಏಕೆ ಎಂದು ಈಗಲೂ ಹೇಳಲಾರೆ.

ಕಳೆದ ತಿಂಗಳು ರಾಮಾಂಜಿಯ ಫೋನು ಬಂತು. ಅಕ್ಕ ಹೋಗಿ ಹನ್ನೊಂದು ದಿನವಾಗಿತ್ತು. ಭಾನುವಾರ ಅವರ ಮನೆಗೆ ಹೋದೆ. ಒಂದೇ ಕೋಣೆ, ಗೋಡೆಗೆ ಒರಗಿಸಿದ ಹಲಗೆ. ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾಳೆ, ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಲಕ್ವ ಹೊಡೆದು ಎರಡೇ ದಿನ ಇದ್ದರು ಎಂದಳು. ಮಾತ್ರೆ ತೆಗೆದುಕೊಳ್ಳುತ್ತಿದ್ದರೇ ಎಂದು ಕೇಳಿದೆ.

"ಅಂಗಡೀಲಿ ತಂದಾಗ ನುಂಗೋರು, ಇಲ್ದಾಗ ಇಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರೆ, ಲೈನಲ್ಲಿ ನಿಂತ್ರೆ ಅರ್ಧ ದಿನ ಹೋಗ್ತದೆ, ಮೊದ್ಲೇ ಕೆಚ್ಚೋಕೆ ನನ್ನ ಕರೆಯೋರು ಕಮ್ಮಿ ಅನ್ನೋರು."

ಇದರಿಂದಲೇ ಅದು ಆಯಿತು ಎಂದು ಹೇಳಲು ನಾನು ವೈದ್ಯೆಯಲ್ಲ. ಕಾಫಿ ಕುಡಿದೆ. ಆಕೆ ದೇವರ ಗೂಡಿನಿಂದ ಗಿಳಿಹಸಿರು, ನೇರಳೆ ಬಟ್ಟೆಯ ಚೀಲ ತೆಗೆದು, ಒಳಗಿನ ಕಾರ್ಡನ್ನು ನನ್ನ ಮುಂದೆ ಇಟ್ಟಳು.

"ಇದನ್ನ ಇಲ್ಲೇ ಇಟ್ಟಿದ್ರು. ನಂಗೂ ಒಂದೈತೆ ಅಕ್ಕಾ, ಕಾರ್ಡು. ನಮ್ ಫ್ಯಾಕ್ಟ್ರೀಲಿ ಒಬ್ಳಿಗೆ ಮಿಷನ್‌ಗೆ ಸಿಕ್ಕಿ ಬೆರಳು ಹೋಯ್ತು, ತಿಂಗ್ಳು ತಿಂಗ್ಳು ಬ್ಯಾಂಕಿಗೆ ಬೀಳ್ತದೆ. ನಿಮ್ಗೆ ಯಾಕೆ ಬರ್ಲಿಲ್ಲ ಅತ್ತೆ ಅಂತ ಕೇಳಿದ್ದೆ. ನಂದು ಹಳೇ ಕಾರ್ಡು ಕಣೆ ಅಂದ್ರು. ಕಾರ್ಡು ಹಳೇದಾಗ್ತದಾ?"

"ಇಲ್ಲ," ಎಂದೆ. "ಕಟ್ಟೋದನ್ನ ನಾವು ನಿಲ್ಲಿಸಿದ್ವಿ."

"ಯಾವಾಗ?"

"ಆಯುಧಪೂಜೆಗೆ ಮುಂಚೆ."

ಆಕೆ ಮನಸ್ಸಿನಲ್ಲೇ ತಿಂಗಳು ಎಣಿಸಿದಳು.

"ಕಣ್ಣು ಹೋಗಿದ್ದು ಅದಾದ್ಮೇಲೆ."

"ಹೌದು."

"ನಿಂತೋಗೈತೆ ಅಂತ ಅತ್ತೆಗೆ ಗೊತ್ತಿತ್ತಾ?"

ಬೀದಿಯ ಆಚೆ ಯಾರದೋ ಮನೆಯಲ್ಲಿ ಒಂದೇ ಒಂದು ಮಗ್ಗ ಬಡಿಯುತ್ತಿತ್ತು.

"ನನಗೆ ಗೊತ್ತಿತ್ತು," ಎಂದೆ.

ಆಕೆ ನನ್ನನ್ನು ನೋಡಿದಳು. ಆಮೇಲೆ ಕಾರ್ಡನ್ನು ಚೀಲದೊಳಗೆ ಹಾಕಿ, ದಾರ ಎಳೆದು, ಇದ್ದ ಕಡೆಯೇ ಇಟ್ಟಳು.

"ನಿಮ್ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದಳು.